ಅಳಿವೆಯಲ್ಲಿ ತಿಳಿಯೂ ಬಗ್ಗಡವೂ

ನಮ್ಮ ಶಾಲೆಯ ಮಕ್ಕಳಲ್ಲಿ ಹಲವರು ದಿನವೂ ಬಸ್ಸಿನಲ್ಲಿ ತಿರು ವಿ. ಕ. ಸೇತುವೆಯನ್ನು ದಾಟಿ ಬರುವರು. ಸೇತುವೆಯ ಕೆಳಗೆ ಅಡಯಾರು ನದಿಯು ಅಗಲವಾಗಿ ಹರಡಿಕೊಂಡು, ಅಲ್ಲಿಂದ ಮೂಡಲಿಗೆ ಸ್ವಲ್ಪ ದೂರದಲ್ಲಿಯೇ ಬಂಗಾಳ ಕೊಲ್ಲಿಯನ್ನು ಸೇರುವುದು. ಕಳೆದ ನವೆಂಬರಿನಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ವಿಜ್ಞಾನದ ಪಾಠದ ನಡುವೆ ಎದ್ದು ನಿಂತು, "ಸಾರ್, ಈ ಹೊಳೆಗೆ ಎಷ್ಟು ಬಣ್ಣ? ಮೇ ತಿಂಗಳಿನಲ್ಲಿ ಕಪ್ಪಗಿತ್ತು. ಈಗ ಹಾಲು ಹಾಕಿದ ಕಾಫಿಯ ಹಾಗಿದೆ. ಒಂದೊಂದು ದಿನ ಬೆಳಿಗ್ಗೆ ಹಸಿರಾಗಿ ತಿಳಿಯಾಗಿರುತ್ತದೆ. ಇದರಲ್ಲಿ ಯಾವುದು ಒಳ್ಳೆಯ ನೀರು?" ಎಂದು ಕೇಳಿದಳು. ನಾವು ತಡಮಾಡದೆ, "ಯಾವ ದಿನ ಹೆಚ್ಚು ತಿಳಿಯಾಗಿ ಕಾಣುವುದೋ ಆ ದಿನದ ನೀರು" ಎಂದು ಹೇಳಿ ಪಾಠವನ್ನು ಮುಂದುವರಿಸಿದೆವು. ಆ ಉತ್ತರವು ತಪ್ಪಾಗಿತ್ತು. ಅದು ತಪ್ಪೆಂಬುದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತಿರಬೇಕಾಗಿತ್ತು. ಏಕೆಂಬುದನ್ನು ಮುಂದೆ ಹೇಳುವೆವು. ಮೊದಲು ಆ ಹುಡುಗಿಗೆ ಅಂದು ಸಲ್ಲಬೇಕಾಗಿದ್ದ ಉತ್ತರವನ್ನು ನೋಡೋಣ.

ನದಿಯು ಕಡಲನ್ನು ಸೇರುವ ಬಾಯಿಗೆ ನಮ್ಮ ಕರಾವಳಿಯ ಕನ್ನಡದಲ್ಲಿ ಅಳಿವೆ ಎಂದು ಹೆಸರು. ಈ ಊರಿನವರು ಅದನ್ನು ಮುಗತ್ತುವಾರಂ ಎನ್ನುವರು. ನಾವು ಹುಟ್ಟಿ ಬೆಳೆದುದು ಕುಂದಾಪುರದ ಕಡೆ, ಗಂಗೊಳ್ಳಿಯ ಅಳಿವೆಯ ಸಮೀಪದಲ್ಲಿ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಅಲ್ಲಿ ಒಂದುಗೂಡುವುದರಿಂದ ಅದಕ್ಕೆ ಪಂಚಗಂಗಾವಳಿ ಎಂಬ ಹೆಸರೂ ಉಂಟು. ಆಷಾಢದ ಮಳೆಯು ಮುರಕಲ್ಲಿನ ಗುಡ್ಡಗಳನ್ನು ತೊಳೆದು ತಂದ ನೀರು ಕೆಂಪಾಗಿ ನುಗ್ಗುವಾಗ ದಡದ ಬಳಿಯ ಕಡಲೂ ಕೆಂಪೇ. ಮಾಘಮಾಸದ ಹೊತ್ತಿಗೆ ಅದೇ ಅಳಿವೆಯ ಅಂಚಿನಲ್ಲಿ ದೋಣಿಯ ನೆರಳು ತಳದ ಮರಳಿನ ಮೇಲೆ ಬಿದ್ದುದನ್ನು ನಾವು ಬಾಲ್ಯದಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಚೆನ್ನೈಯಲ್ಲಿ ಹೆಚ್ಚಿನ ಮಳೆಯು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿಯುವುದಾದ್ದರಿಂದ, ಅಲ್ಲಿಯ ನದಿಗಳು ತಿಳಿಯಾಗತೊಡಗುವ ಕಾಲಕ್ಕೆ ಇಲ್ಲಿಯ ನದಿಯು ಬಗ್ಗಡವಾಗತೊಡಗುವುದು. ಮಂಗಳೂರಿನ ಬಳಿ ನೇತ್ರಾವತಿಯ ದಂಡೆಯಲ್ಲಿಯೂ ಅಡ್ಯಾರ್ ಎಂಬ ಊರೊಂದಿರುವುದರಿಂದ, ಊರಿಗೆ ಪತ್ರ ಬರೆದು "ಅಡಯಾರಿನಲ್ಲಿ ನೆರೆ ಬಂದಿದೆ" ಎಂದರೆ ನಮ್ಮ ಮನೆಯವರು ಯಾವ ಅಡ್ಯಾರು ಎಂದು ಕೇಳುವುದುಂಟು.

ನೀರಿನಲ್ಲಿ ಸೇರಿರುವ ವಸ್ತುಗಳು ಎರಡು ಬಗೆಯವು. ಕೆಲವು ನೀರಿನಲ್ಲಿ ಕರಗಿರುವವು. ಕೆಲವು ಕರಗದೆ ತೇಲಾಡುತ್ತಿರುವವು. ಗಾಜಿನ ಲೋಟವೊಂದರಲ್ಲಿ ಐದು ಚಮಚ ಉಪ್ಪನ್ನು ಕರಗಿಸಿ ಹಿಂದೆ ವೃತ್ತಪತ್ರಿಕೆಯನ್ನು ಹಿಡಿದರೆ ಅಕ್ಷರಗಳು ಸ್ಪಷ್ಟವಾಗಿ ಕಾಣುವುವು. ಇನ್ನೊಂದರಲ್ಲಿ ಒಂದೇ ಚಿಟಿಕೆ ಜೇಡಿಮಣ್ಣನ್ನು ಕದಡಿದರೆ ಅಕ್ಷರಗಳು ಮಸುಕಾಗುವುವು. ಒಂದು ಚಮಚ ಹಾಕಿದರೆ ಪತ್ರಿಕೆಯೇ ಕಾಣದು. ಕರಗಿದ ಉಪ್ಪಿನ ಕಣಗಳು ಎಷ್ಟು ಸೂಕ್ಷ್ಮವೆಂದರೆ ಬೆಳಕು ಅವನ್ನು ಲೆಕ್ಕಿಸದೆ ನೇರವಾಗಿ ಸಾಗುವುದು. ಮಣ್ಣಿನ ಕಣಗಳಾದರೋ ಬೆಳಕಿನ ದಾರಿಗೆ ಅಡ್ಡವಾಗಿ ನಿಂತು ಅದನ್ನು ನಾಲ್ಕು ದಿಕ್ಕುಗಳಿಗೂ ಚದರಿಸುವುವು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು ೩೫ ಗ್ರಾಂ ಉಪ್ಪುಗಳು ಕರಗಿರುವುವು. ಆದರೂ ನಡುಗಡಲಿನ ನೀರಿನಷ್ಟು ತಿಳಿಯಾದ ನೀರು ಯಾವ ನದಿಯಲ್ಲಿಯೂ ಸಿಕ್ಕುವುದು ಅಪೂರ್ವ. ಆದುದರಿಂದ ನೀರಿನಲ್ಲಿ ವಸ್ತು ಎಷ್ಟಿದೆಯೆಂಬುದಕ್ಕಿಂತಲೂ ಅದು ಯಾವ ರೂಪದಲ್ಲಿದೆಯೆಂಬುದೇ ತಿಳಿಬಗ್ಗಡಗಳನ್ನು ನಿರ್ಣಯಿಸುವುದು.

ಈ ಎರಡು ಬಗೆಗಳನ್ನು ಬೇರ್ಪಡಿಸಲು ವಿಜ್ಞಾನಿಗಳು ಮಿಲಿಮೀಟರಿನ ಸುಮಾರು ಎರಡು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ರಂಧ್ರಗಳುಳ್ಳ ಸೋಸುಹಾಳೆಯನ್ನು ಬಳಸುವರು. ಹಾಳೆಯ ಮೇಲೆ ನಿಂತುದು ತೇಲುವ ವಸ್ತು, ಕೆಳಗಿಳಿದುದು ಕರಗಿದ ವಸ್ತು. ಇದು ಮನುಷ್ಯರು ಅನುಕೂಲಕ್ಕಾಗಿ ಎಳೆದ ಗೆರೆ. ಪ್ರಕೃತಿಯಲ್ಲಿ ಅಂಥ ಗೆರೆಯೇನೂ ಇಲ್ಲ. ಆ ರಂಧ್ರಗಳಲ್ಲಿ ನುಸುಳುವಷ್ಟು ಸಣ್ಣ ಮಣ್ಣಿನ ಕಣಗಳೂ ಉಂಟು. ಕತ್ತಲೆಯ ಕೋಣೆಯಲ್ಲಿ ಲೋಟದ ಪಕ್ಕದಿಂದ ಟಾರ್ಚಿನ ಬೆಳಕನ್ನು ಹಾಯಿಸಿದರೆ, ತಿಳಿಯೆಂದು ತೋರುವ ನೀರಿನಲ್ಲಿಯೂ ಬೆಳಕಿನ ಹಾದಿಯು ಹೊಗೆಯ ಕೋಲಿನಂತೆ ಕಾಣುವುದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ವಿವರವಾಗಿ ಪರೀಕ್ಷಿಸಿದ ಜಾನ್ ಟಿಂಡಲ್ ಎಂಬ ವಿಜ್ಞಾನಿಯ ಹೆಸರೇ ಈ ಪರಿಣಾಮಕ್ಕೆ ಬಂದಿದೆ.

ಕದಡಿದ ನೀರು ತಾನಾಗಿ ತಿಳಿಯಾಗಲು ಎಷ್ಟು ಕಾಲ ಬೇಕು? ಜಾರ್ಜ್ ಸ್ಟೋಕ್ಸ್ ಎಂಬ ಗಣಿತಜ್ಞನು ೧೮೫೧ರಲ್ಲಿ ಕೊಟ್ಟ ಸೂತ್ರದಿಂದ ಇದನ್ನು ಲೆಕ್ಕಮಾಡಬಹುದು. ಕಣದ ಅಡ್ಡಳತೆಯು ಹತ್ತು ಪಾಲು ಕಡಮೆಯಾದರೆ ಅದು ಇಳಿಯುವ ವೇಗವು ನೂರು ಪಾಲು ಕಡಮೆಯಾಗುವುದು. ಒಂದು ಮೀಟರ್ ಆಳದ ನಿಶ್ಚಲವಾದ ನೀರಿನಲ್ಲಿ ೦.೧ ಮಿಲಿಮೀಟರ್ ಅಡ್ಡಳತೆಯ ಮರಳಿನ ಕಣವು ಸುಮಾರು ೨ ನಿಮಿಷಗಳಲ್ಲಿ ತಳ ಮುಟ್ಟುವುದು. ೦.೦೧ ಮಿಲಿಮೀಟರಿನ ಮೆಕ್ಕಲು ಕಣಕ್ಕೆ ಸುಮಾರು ೩ ಗಂಟೆಗಳು ಬೇಕು. ೦.೦೦೧ ಮಿಲಿಮೀಟರಿನ ಜೇಡಿಯ ಕಣಕ್ಕೆ ಬೇಕಾಗುವುದು ಸುಮಾರು ೧೩ ದಿನಗಳು! ಅದೂ ನೀರು ಒಂದಿಷ್ಟೂ ಅಲುಗದಿದ್ದರೆ ಮಾತ್ರ. ಹರಿಯುವ ಹೊಳೆಯಲ್ಲಿ ಇಂಥ ಕಣವು ಇಳಿಯುವುದೆಂತು? ಆದರೂ ಹೊಳೆಯು ಹೊತ್ತು ತರುವ ಮಣ್ಣಿನಲ್ಲಿ ಬಹುಪಾಲು ಅಳಿವೆಯ ಆಸುಪಾಸಿನಲ್ಲಿಯೇ ತಂಗುವುದು. ಇದರ ಗುಟ್ಟು ಉಪ್ಪಿನಲ್ಲಿದೆ.

ಇದನ್ನು ತೋರಿಸಲು ನಾವು ತರಗತಿಯಲ್ಲಿ ಒಂದು ಪ್ರಯೋಗವನ್ನು ಮಾಡಿದೆವು. ಎರಡು ಗಾಜಿನ ಜಾಡಿಗಳಲ್ಲಿ ಜೇಡಿಮಣ್ಣನ್ನು ಸಮನಾಗಿ ಕದಡಿ, ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು ಹಾಕಿದೆವು. ಉಪ್ಪಿನ ಜಾಡಿಯು ಬೇಗ ತಿಳಿಯಾಗುವುದೆಂದು ಮಕ್ಕಳಿಗೆ ಮೊದಲೇ ಹೇಳಿದ್ದೆವು. ಎರಡೂ ಒಂದೇ ಬಗೆಯಾಗಿ ತಿಳಿಯಾದುವು. ಮಕ್ಕಳು ಮರ್ಯಾದೆಗಾಗಿ ನಗದೆ ಕುಳಿತಿದ್ದರು. ರಾತ್ರಿ ಮನೆಯಲ್ಲಿ ಯೋಚಿಸಿದಾಗ ಕಾರಣವು ಹೊಳೆಯಿತು: ನಾವು ಬಳಸಿದುದು ಕೊಳವೆಬಾವಿಯ ನೀರು, ಅದರಲ್ಲಿ ಕರಗಿದ ಉಪ್ಪುಗಳು ಮೊದಲೇ ಧಾರಾಳವಾಗಿದ್ದುವು. ಮುಂದಿನ ಮಳೆಯ ದಿನ ತಾರಸಿಯಿಂದ ಸುರಿಯುವ ನೀರನ್ನು ಹಿಡಿದು ಪ್ರಯೋಗವನ್ನು ಮತ್ತೆ ಮಾಡಿದೆವು. ಈ ಸಲ ಉಪ್ಪು ಬಿದ್ದ ಜಾಡಿಯಲ್ಲಿ ಕೆಲವು ನಿಮಿಷಗಳಲ್ಲಿಯೇ ಮಣ್ಣು ಒಡೆದ ಹಾಲಿನಂತೆ ತುಣುಕುತುಣುಕಾಗಿ, ಮಧ್ಯಾಹ್ನದ ಊಟದ ಗಂಟೆ ಹೊಡೆಯುವುದರೊಳಗೆ ತಳ ಸೇರಿತು. ಉಪ್ಪಿಲ್ಲದ ಜಾಡಿಯು ಮರುದಿನವೂ ಮಬ್ಬಾಗಿಯೇ ಇತ್ತು. ಮೊದಲ ಪ್ರಯೋಗವು ಕೆಟ್ಟುದರಿಂದ ಮಕ್ಕಳು ಕಲಿತುದೇ ಹೆಚ್ಚೆಂದು ನಮಗೆ ತೋರುವುದು.

ಇದರ ಕಾರಣವು ಹೀಗಿದೆ. ಜೇಡಿಯ ಕಣಗಳ ಮೈಮೇಲೆ ಋಣವಿದ್ಯುತ್ತು ಇರುವುದು. ಸಮಾನ ವಿದ್ಯುತ್ತುಳ್ಳ ಕಣಗಳು ಒಂದನ್ನೊಂದು ದೂಡುವುದರಿಂದ ಅವು ಕೂಡಿಕೊಳ್ಳಲಾರವು. ಉಪ್ಪು ಕರಗಿದಾಗ ಹೊರಡುವ ಧನವಿದ್ಯುತ್ತಿನ ಅಯಾನುಗಳು ಕಣಗಳ ಸುತ್ತ ಮುತ್ತಿಕೊಂಡು ಈ ದೂಡಾಟವನ್ನು ಕುಂದಿಸುವುವು. ಆಗ ಕಣಗಳು ಒಂದಕ್ಕೊಂದು ಅಂಟಿ, ಗಂಟುಗಳಾಗಿ, ಭಾರದಿಂದ ಇಳಿಯುವುವು. ಮನೆಯಲ್ಲಿ ಬಗ್ಗಡ ನೀರಿಗೆ ಪಟಿಕ ಹಾಕಿದಾಗ ನಡೆಯುವುದೂ ಬಹುಮಟ್ಟಿಗೆ ಇದೇ. ಪಟಿಕವು ಅಂಗಡಿಗೆ ಬರುವುದಕ್ಕೆ ಮೊದಲು ನಮ್ಮ ಹಿರಿಯರು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇದು ನೀರನ್ನು ತಿಳಿಗೊಳಿಸುತ್ತಿದ್ದರು. ಸಂಸ್ಕೃತದಲ್ಲಿ ಇದಕ್ಕೆ ಕತಕವೆಂದು ಹೆಸರು. ತಮಿಳರು ತೇತ್ತಾಂಕೊಟ್ಟೈ ಎನ್ನುವರು. ಕತಕದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ದೃಷ್ಟಾಂತವು ಮನುಸ್ಮೃತಿಯಲ್ಲಿಯೇ ಬಂದಿರುವುದರಿಂದ ಈ ವಿದ್ಯೆಯು ಎಷ್ಟು ಹಳೆಯದೆಂದು ಊಹಿಸಬಹುದು. ಪ್ರಯೋಗದ ದಿನ ಒಬ್ಬ ಹುಡುಗನು ತನ್ನ ಅಜ್ಜಿಯ ಡಬ್ಬಿಯಿಂದ ಇಂಥ ನಾಲ್ಕು ಬೀಜಗಳನ್ನು ತಂದಿದ್ದನು. ಅವನ್ನು ತೇದ ಮೂರನೆಯ ಜಾಡಿಯೂ ತಿಳಿಯಾಯಿತು.

ಅಳಿವೆಯೆಂಬುದು ಪ್ರಕೃತಿಯೇ ಇಟ್ಟ ಇಂಥದೊಂದು ಜಾಡಿ. ಕಡಲ ನೀರು ಲೀಟರಿಗೆ ಸುಮಾರು ೧೦೨೫ ಗ್ರಾಂ ತೂಗುವುದು. ಸಿಹಿನೀರು ತೂಗುವುದು ೧೦೦೦ ಗ್ರಾಂ. ಆದಕಾರಣ ಭರತದ ಕಾಲದಲ್ಲಿ ಕಡಲ ನೀರು ತಳದಲ್ಲಿ ಒಳನುಗ್ಗುವುದು. ಹೊಳೆಯ ನೀರು ಅದರ ಮೇಲೆ ಹಾಸಿಕೊಂಡು ಹೊರಹೋಗುವುದು. ಇವೆರಡೂ ಬೆರೆಯುವಲ್ಲಿ ಜೇಡಿಯು ಗಂಟುಕಟ್ಟಿ ಇಳಿಯತೊಡಗುವುದು. ಇಳಿದ ಮಣ್ಣನ್ನು ತಳದ ಪ್ರವಾಹವು ಮತ್ತೆ ಒಳಕ್ಕೆ ತಳ್ಳುವುದು. ಹೂಗ್ಲಿಯಂಥ ದೊಡ್ಡ ಅಳಿವೆಗಳಲ್ಲಿ ಮಣ್ಣು ಹೀಗೆ ಹೊರಗೂ ಹೋಗದೆ ತಳದಲ್ಲಿಯೂ ನಿಲ್ಲದೆ ಸುತ್ತುತ್ತಿರುವುದರಿಂದ, ಮೇಲಣ ನದಿಗಿಂತಲೂ ಹೊರಗಣ ಕಡಲಿಗಿಂತಲೂ ಹೆಚ್ಚು ಬಗ್ಗಡವಾದ ಒಂದು ಪಟ್ಟಿಯೇ ಏರ್ಪಡುವುದು.

ಇನ್ನು ಕರಗಿದ ವಸ್ತುಗಳ ಮಾತು. ಉಪ್ಪು ಬೆಳಕನ್ನು ತಡೆಯದೆಂದೆವು. ಕರಗಿದ ವಸ್ತುಗಳೆಲ್ಲವೂ ಅಂಥವೇ ಅಲ್ಲ. ಕಾಫಿಯ ಡಿಕಾಕ್ಷನ್ನನ್ನು ನೋಡಿರಿ. ಚೆನ್ನಾಗಿ ಸೋಸಿದ ಡಿಕಾಕ್ಷನ್ನಿಗೆ ನೀರು ಬೆರೆಸಿ ಬೆಳಕಿಗೆ ಹಿಡಿದರೆ ಅದು ಬಗ್ಗಡವಾಗಿಲ್ಲ, ಬಣ್ಣಗಟ್ಟಿದೆ. ಕೊಳೆತ ಎಲೆ, ತೊಗಟೆ, ಬೇರುಗಳಿಂದ ಹೊರಟು ನೀರಿನಲ್ಲಿ ಕರಗುವ ದ್ರವ್ಯಗಳು ಹೀಗೆಯೇ ನೀರಿಗೆ ಹಳದಿಯಿಂದ ಕಂದಿನವರೆಗೆ ಬಣ್ಣವನ್ನು ಕೊಡುವುವು. ಇವು ಬೆಳಕಿನ ನೀಲಿಯ ಪಾಲನ್ನು ಹೀರುವುವು. ನೀರಾದರೋ ತಾನೇ ಕೆಂಪಿನ ಪಾಲನ್ನು ಹೀರುವುದು. ಎರಡೂ ಹೋದ ಮೇಲೆ ಉಳಿಯುವುದು ಹಸಿರು. ನಡುಗಡಲು ನೀಲಿಯಾಗಿದ್ದು, ಅಳಿವೆಯ ಮುಂದಣ ಕಡಲು ಹಸಿರಾಗಿ ತೋರುವುದಕ್ಕೆ ಇದೊಂದು ಕಾರಣ. ನೀರಿನ ಸೂಕ್ಷ್ಮ ಪಾಚಿಯು ಇನ್ನೊಂದು.

ಕಡಲಿನ ನೀಲಿಯ ಕಾರಣವನ್ನು ಬಿಡಿಸಿದವರಲ್ಲಿ ಒಬ್ಬರು ಈ ಊರಿನಲ್ಲಿಯೇ ಓದಿದವರು. ಚಂದ್ರಶೇಖರ ವೆಂಕಟರಾಮನ್ ಅವರು ಮೆರೀನಾ ದಡದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ೧೯೦೪ರಲ್ಲಿ ಬಿ.ಎ. ಪದವಿಯನ್ನೂ ೧೯೦೭ರಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಕೂವಂ ನದಿಯ ಅಳಿವೆಯು ಆ ಕಾಲೇಜಿಗೆ ದೂರವಲ್ಲ. ೧೯೨೧ರಲ್ಲಿ ಅವರು ಇಂಗ್ಲೆಂಡಿನಿಂದ ನಾರ್ಕುಂಡಾ ಎಂಬ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯು ಅವರ ಮನಸ್ಸನ್ನು ಸೆಳೆಯಿತು. ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವೆಂದು ದೊಡ್ಡ ವಿಜ್ಞಾನಿಯಾದ ಲಾರ್ಡ್ ರೇಲೀಯವರೇ ಹೇಳಿದ್ದರು. ರಾಮನ್ನರು ಚಿಕ್ಕದೊಂದು ನಿಕೋಲ್ ಪಟ್ಟಕದ ಮೂಲಕ ನೋಡಿ ಮೇಲ್ಮೈಯ ಪ್ರತಿಫಲನವನ್ನು ಅಳಿಸಿದರು, ನೀಲಿಯು ಮಾಯವಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದರಿಸುವುವೆಂದು ಅವರು ಅದೇ ವರ್ಷ ಪ್ರಕಟಿಸಿದರು. ಆ ದಾರಿಯಲ್ಲಿ ಮುಂದುವರಿದ ಸಂಶೋಧನೆಗೆ ೧೯೩೦ರಲ್ಲಿ ನೊಬೆಲ್ ಬಹುಮಾನವು ಬಂದಿತು. ೧೯೩೩ರಲ್ಲಿ ಅವರು ಬೆಂಗಳೂರಿಗೆ ಬಂದು ಕೊನೆಯವರೆಗೂ ಅಲ್ಲಿಯೇ ನೆಲಸಿದರೆಂಬುದು ಕನ್ನಡಿಗರಾದ ನಮಗೆಲ್ಲ ತಿಳಿದೇ ಇದೆ.

ಈಗ ಅಡಯಾರಿಗೆ ಹಿಂದಿರುಗೋಣ. ಈ ನದಿಯು ಚೆಂಬರಂಬಾಕ್ಕಂ ಕೆರೆಯ ಕಡೆಯಿಂದ ಹೊರಟು, ಸುಮಾರು ೪೨ ಕಿಲೋಮೀಟರ್ ಹರಿದು ಕಡಲನ್ನು ಸೇರುವುದು. ಮಳೆಗಾಲವನ್ನು ಬಿಟ್ಟರೆ ಇದರಲ್ಲಿ ಸ್ವಂತ ನೀರು ಅತ್ಯಲ್ಪ. ಈ ದಡದಲ್ಲಿ ಭರತ ಇಳಿತಗಳ ಅಂತರವೂ ಹೆಚ್ಚೆಂದರೆ ಸುಮಾರು ಒಂದು ಮೀಟರ್ ಮಾತ್ರ. ಹೊಳೆಯು ಹೊರದೂಡದೆ, ಕಡಲು ಬಲವಾಗಿ ಒಳನುಗ್ಗದೆ ಇರುವಾಗ, ಅಲೆಗಳು ದಡದುದ್ದಕ್ಕೂ ಸಾಗಿಸುವ ಮರಳು ಅಳಿವೆಯ ಬಾಯಿಗೆ ದಿಬ್ಬವಾಗಿ ಕೂರುವುದು. ಒಳಗೆ ನಿಂತ ನೀರಿಗೆ ನಗರದ ಚರಂಡಿ ಸೇರುವುದು. ಚರಂಡಿಯ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಮೊದಲು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಮುಗಿಸುವುವು. ಅನಂತರ ಬೇರೆ ಜಾತಿಯ ಜೀವಿಗಳು ಕಡಲ ನೀರು ತಂದ ಸಲ್ಫೇಟನ್ನು ಒಡೆದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಹೊರಡಿಸುವುವು. ಅದು ಮಣ್ಣಿನ ಕಬ್ಬಿಣದೊಡನೆ ಕೂಡಿದರೆ ಕಪ್ಪಾದ ಕಬ್ಬಿಣದ ಸಲ್ಫೈಡ್. ಮೇ ತಿಂಗಳಿನ ಕಪ್ಪು ಬಣ್ಣವು ಬಹುಮಟ್ಟಿಗೆ ಇದೇ. ಬಸ್ಸಿನಲ್ಲಿ ಮೂಗು ಮುಚ್ಚಿಕೊಳ್ಳುವ ಮಕ್ಕಳು ಈ ರಸಾಯನಶಾಸ್ತ್ರದ ಅರ್ಧ ಪಾಠವನ್ನು ಮೂಗಿನಿಂದಲೇ ಕಲಿತಿರುವರು.

ಚರಂಡಿಯ ನೀರಿನಲ್ಲಿ ಕರಗಿದ ಸಾರಜನಕ, ರಂಜಕಗಳು ಕಣ್ಣಿಗೆ ಕಾಣುವುದಿಲ್ಲ. ಆದರೆ ಅವು ಪಾಚಿಗೆ ಗೊಬ್ಬರ. ಬಿಸಿಲಿನಲ್ಲಿ ಪಾಚಿಯು ಹೆಚ್ಚಿದಂತೆಲ್ಲ ನೀರು ಹಸಿರಾಗಿ ಮಂದವಾಗುವುದು; ಎಂದರೆ ಕರಗಿದುದೇ ಮತ್ತೆ ಕಣವಾಗಿ ಬಂದಿತು. ನವೆಂಬರಿನ ಕಂದು ಬಣ್ಣವಾದರೋ ಹೆಚ್ಚಾಗಿ ಮೇಲಣ ಹೊಲಗದ್ದೆ, ಕೆರೆಯಂಗಳಗಳಿಂದ ತೊಳೆದು ಬಂದ ಮಣ್ಣು. ಅದರೊಡನೆ ಊರಿನ ಕೊಳೆಯೂ ಬಂದಿರುವುದು ನಿಜ. ಆದರೂ ಮಣ್ಣು ಹೊಳೆಗೆ ರೋಗವಲ್ಲ. ತೀರದ ಕೆಸರುಬಯಲನ್ನು ಕಟ್ಟುವುದು ಅದೇ. ಸಿಗಡಿಯ ಮರಿಗಳು ದೊಡ್ಡ ಮೀನುಗಳ ಕಣ್ಣಿಗೆ ಬೀಳದೆ ಬೆಳೆಯುವುದು ಇಂಥ ಮಬ್ಬು ನೀರಿನಲ್ಲಿ. ಹೆಚ್ಚಾದರೆ ಮಾತ್ರ ಬೆಳಕು ತಳವನ್ನು ಮುಟ್ಟದೆ ಅಲ್ಲಿಯ ಸಸ್ಯಗಳು ಸೊರಗುವುವು. ಒಂದೊಂದು ಬೆಳಿಗ್ಗೆ ಕಾಣುವ ತಿಳಿಹಸಿರು ಭರತದಲ್ಲಿ ಬಂದ ಕಡಲ ನೀರು. ಅದರಲ್ಲಿ ಏನು ಬೆರೆತಿದೆಯೆಂಬುದನ್ನು ಸೇತುವೆಯ ಮೇಲಿನಿಂದ ಯಾರೂ ಹೇಳಲಾರರು.

ನಾವು ತಪ್ಪು ಹೇಳಬಾರದಾಗಿತ್ತೆಂದೆವಷ್ಟೆ. ೨೦೧೫ರಲ್ಲಿ ನಾವು ಈ ಊರಿಗೆ ಹೊಸಬರು. ಸೈದಾಪೇಟೆಯಲ್ಲಿ ಹೊಳೆಗೆ ಹತ್ತಿರವಾದ ಒಂದು ಮನೆಯ ನೆಲದಂತಸ್ತಿನಲ್ಲಿ ಬಾಡಿಗೆಗಿದ್ದೆವು. ಊರಿನಿಂದ ತಾಯಿಯವರು ಬಂದಿದ್ದರು. ಡಿಸೆಂಬರ್ ೧ರ ರಾತ್ರಿ ಅಡಯಾರು ಉಕ್ಕಿ ಮನೆಗಳಿಗೆ ನುಗ್ಗಿತು. ಚೆಂಬರಂಬಾಕ್ಕಂ ಕೆರೆಯಿಂದ ಆಗ ಬಿಟ್ಟ ನೀರು ಸೆಕೆಂಡಿಗೆ ೨೯,೦೦೦ ಘನ ಅಡಿ. ನಾವು ಮಹಡಿಯ ಮನೆಯವರ ಕೋಣೆಯಲ್ಲಿ ಎರಡು ರಾತ್ರಿ ಕಳೆದು ಕೆಳಗಿಳಿದಾಗ ಗೋಡೆಯ ಮೇಲೆ ಎದೆಯೆತ್ತರಕ್ಕೆ ಕೆಸರಿನ ಗೆರೆ ಇತ್ತು. ನೆಲದಡಿಯ ತೊಟ್ಟಿಯಲ್ಲಿದ್ದ ನೀರು ಮೊದಲ ದಿನ ಕೆಸರು. ಮೂರನೆಯ ದಿನ ಕನ್ನಡಿಯಂತೆ ತಿಳಿ. ಕುಡಿಯುವ ನೀರಿನ ಲಾರಿ ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ. ಮಹಡಿಯ ಪಾಟಿಯವರು ಕುದಿಸದೆ ಕುಡಿಯಬೇಡಿರೆಂದು ಎಚ್ಚರಿಸಿದರು. ಗ್ಯಾಸಿನ ಒಲೆಯು ನೀರಿನಲ್ಲಿ ಮುಳುಗಿ ಕೆಟ್ಟಿತ್ತು. ಊರಿನ ಬಾವಿಯ ನೀರಿಗಿಂತಲೂ ತಿಳಿಯಾಗಿದೆಯೆಂದು ತಾಯಿಯವರು ಹೇಳಿದರು. ಮೇಲೆ ಹೋಗಿ ಇನ್ನೊಬ್ಬರ ಒಲೆಯನ್ನು ಕೇಳಲು ನಾವು ಸಂಕೋಚಪಟ್ಟೆವು. ಎರಡು ದಿನಗಳಲ್ಲಿ ಇಬ್ಬರಿಗೂ ವಾಂತಿಭೇದಿ ಹಿಡಿಯಿತು. ನಾವು ಬೇಗ ಚೇತರಿಸಿಕೊಂಡೆವು. ತಾಯಿಯವರು ಆಸ್ಪತ್ರೆಯಲ್ಲಿ ಆರು ದಿನ ಮಲಗಿದ್ದರು. ಎರಡನೆಯ ರಾತ್ರಿ ಅವರು ಉಳಿಯುವರೆಂಬ ಭರವಸೆ ನಮಗಿರಲಿಲ್ಲ.

ಆ ತೊಟ್ಟಿಯಲ್ಲಿ ನಡೆದುದು ಮೇಲೆ ಹೇಳಿದ ಜಾಡಿಯ ಪ್ರಯೋಗವೇ. ಮಣ್ಣು ಗಂಟುಕಟ್ಟಿ ಇಳಿಯಿತು; ಚರಂಡಿಯ ರೋಗಾಣುಗಳು ಮೇಲೆಯೇ ಉಳಿದುವು. ಒಂದು ಮಿಲಿಲೀಟರಿನಲ್ಲಿ ಲಕ್ಷ ಬ್ಯಾಕ್ಟೀರಿಯಗಳಿದ್ದರೂ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುವುದು. ನೀರು ಕೆಸರಾಗಿಯೇ ಇದ್ದಿದ್ದರೆ ನಾವು ಅದನ್ನು ಮುಟ್ಟುತ್ತಿರಲಿಲ್ಲ. ಹಾಗೆಂದು ಬಗ್ಗಡವನ್ನು ಕಡೆಗಣಿಸುವಂತೆಯೂ ಇಲ್ಲ. ಕಣಗಳ ಮರೆಯಲ್ಲಿ ಅಡಗಿದ ರೋಗಾಣುಗಳನ್ನು ಕ್ಲೋರಿನ್ನು ಮುಟ್ಟಲಾರದು. ಆದ್ದರಿಂದಲೇ ಭಾರತೀಯ ಮಾನಕವು ಕುಡಿಯುವ ನೀರಿನ ಬಗ್ಗಡಕ್ಕೆ, ಬೆಳಕು ಪಕ್ಕಕ್ಕೆ ಎಷ್ಟು ಚದರುವುದೆಂದು ಅಳೆಯುವ ಉಪಕರಣದ ಲೆಕ್ಕದಲ್ಲಿ, ೧ ಮಾನವನ್ನು ಮಿತಿಯಾಗಿಟ್ಟಿದೆ. ಬೇರೆ ನೀರು ದೊರೆಯದಿದ್ದಲ್ಲಿ ೫ರವರೆಗೆ ಸಹಿಸಬಹುದು.

ಈಚೆಗೆ ಮನೆಮನೆಗೆ ನೀರಿನ ಯಂತ್ರವನ್ನು ಮಾರಲು ಬರುವವರು ಲೇಖನಿಯಂಥ ಒಂದು ಸಾಧನವನ್ನು ಅದ್ದಿ ಟಿ.ಡಿ.ಎಸ್. ಅಂಕವನ್ನು ತೋರಿಸುವರು. ಅದು ಕರಗಿದ ಲವಣಗಳನ್ನು ವಿದ್ಯುತ್ತಿನ ಹರಿವಿನಿಂದ ಅಂದಾಜು ಮಾಡುವುದೇ ಹೊರತು ಮಣ್ಣನ್ನಾಗಲಿ ರೋಗಾಣುವನ್ನಾಗಲಿ ಕಾಣದು. ನಮ್ಮ ಮನೆಗೆ ಬಂದವನೊಬ್ಬನು ನಲ್ಲಿಯ ನೀರಿನಲ್ಲಿ ಎರಡು ಕಬ್ಬಿಣದ ಕಡ್ಡಿಗಳನ್ನು ಇಳಿಸಿ ವಿದ್ಯುತ್ತು ಹಾಯಿಸಿ ಕಂದು ರಾಡಿಯನ್ನು ಎಬ್ಬಿಸಿ, "ನೋಡಿ, ನೀವು ಕುಡಿಯುವ ಕೊಳೆ" ಎಂದನು. ಆ ರಾಡಿಯು ಅವನ ಕಡ್ಡಿಗಳಿಂದಲೇ ಬಿಟ್ಟ ಕಬ್ಬಿಣದ ತುಕ್ಕು. ಅವನ ಶುದ್ಧ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ತೋರಿಸೆಂದು ನಾವು ಕೇಳಿದೆವು. ಅವನಿಗೆ ಬೇರೆ ಮನೆಗೆ ಹೋಗುವ ಅವಸರವಿತ್ತು.

ನೀರಿನ ತಿಳಿಯನ್ನು ಅಳೆಯಲು ನೂರಾರು ರೂಪಾಯಿಯ ಉಪಕರಣವೇನೂ ಬೇಡ. ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿಯು ಖಗೋಳವಿಜ್ಞಾನಿಯೂ ಆಗಿದ್ದನು. ೧೮೬೫ರಲ್ಲಿ ಅವನು ಮೆಡಿಟರೇನಿಯನ್ನಿನಲ್ಲಿ ಬಿಳಿಯ ಬಿಲ್ಲೆಗಳನ್ನು ಹಗ್ಗದಿಂದ ಇಳಿಸಿ, ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುವುದೆಂದು ಗುರುತುಮಾಡಿದನು. ಇಂದಿಗೂ ಕೆರೆ ಕಡಲುಗಳಲ್ಲಿ ಈ ಬಿಲ್ಲೆಯು ಬಳಕೆಯಲ್ಲಿದೆ. ಪೊಂಗಲ್ ರಜೆಯಲ್ಲಿ ನಾವು ಎವರ್‌ಸಿಲ್ವರ್ ತಟ್ಟೆಯೊಂದಕ್ಕೆ ಬಿಳಿಯ ಬಣ್ಣ ಬಳಿದು, ಕೆಳಗೆ ಕಲ್ಲು ಕಟ್ಟಿ, ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದು ಗಂಟು ಹಾಕಿ, ಐವರು ಮಕ್ಕಳನ್ನೂ ಇಬ್ಬರ ತಂದೆಯರನ್ನೂ ಕರೆದುಕೊಂಡು ಅಳಿವೆಗೆ ಹೋದೆವು. ಪಟ್ಟಿನಪಾಕ್ಕಂ ಕಡೆಯ ಮೀನುಗಾರರೊಬ್ಬರು ತಮ್ಮ ದೋಣಿ ಹತ್ತಿಸಿಕೊಂಡರು. ಮುರಿದ ಸೇತುವೆಯ ಒಳಬದಿಯಲ್ಲಿ ತಟ್ಟೆಯು ಒಂದು ಗೇಣು ಇಳಿಯುವುದರೊಳಗೆ ಮಾಯವಾಯಿತು. ಭರತ ಏರುತ್ತಿದ್ದ ಬಾಯಿಯಲ್ಲಿ ಒಂದು ಮೊಳಕ್ಕಿಂತ ಹೆಚ್ಚು ಕಾಣಿಸಿತು.

ತಿಳಿನೀರು ಕಂಡು ಮಕ್ಕಳು ಚಪ್ಪಾಳೆ ತಟ್ಟಿದಾಗ ದೋಣಿಯವರು ನಕ್ಕರು. ನೀರು ತೆಳಿವಾಗಿದ್ದರೆ ಮೀನಿಗೆ ಬಲೆ ಕಾಣುವುದು, ತಮಗೆ ಬೇಕಾದುದು ಸ್ವಲ್ಪ ಕಲಂಗಲ್ ಎಂದರು. ನಮ್ಮ ತಿಳಿ, ಕಲಕುಗಳ ಸೋದರ ಶಬ್ದಗಳೇ ಅವು. ಪ್ರಶ್ನೆ ಕೇಳಿದ ಹುಡುಗಿಯು ತನ್ನ ಪುಸ್ತಕದಲ್ಲಿ ಗಂಟುಗಳ ಲೆಕ್ಕದ ಪಕ್ಕದಲ್ಲಿ ಭರತದ ಹೊತ್ತು, ನೀರಿನ ಬಣ್ಣ, ವಾಸನೆಗಳಿಗೆ ಒಂದೊಂದು ಅಂಕಣವನ್ನು ಎಳೆದಳು. ಕಣ್ಣಿಗೆ ಕಾಣದ ವಸ್ತುಗಳಿಗೆಂದು ಇನ್ನೊಂದು ಅಂಕಣವನ್ನು ಎಳೆದು ಖಾಲಿ ಬಿಟ್ಟಳು. ಏಪ್ರಿಲಿನಲ್ಲಿ, ಪರೀಕ್ಷೆಗಳು ಮುಗಿದ ಮೇಲೆ, ಅದೇ ತಟ್ಟೆಯನ್ನು ಅದೇ ಜಾಗಗಳಲ್ಲಿ ಮತ್ತೆ ಇಳಿಸಬೇಕೆಂದಿದ್ದೇವೆ. ಅಂದಿನ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳುಹಿಸುವ ಹೊಣೆಯನ್ನು ಆ ಹುಡುಗಿಯೇ ವಹಿಸಿಕೊಂಡಿದ್ದಾಳೆ.